ಆನ್‌ಲೈನ್ ಪದವಿ ಕೋರ್ಸು: ಕಲಿಕೆ ದಕ್ಕುವುದು ಯಾವಾಗ?

ಪಾಠ, ಅಭ್ಯಾಸ, ಚರ್ಚೆ, ಮೌಲ್ಯಮಾಪನ ಇವೆಲ್ಲವನ್ನೂ ಅಥವಾ ಇವುಗಳಲ್ಲಿ ಹೆಚ್ಚಿನದನ್ನು ಇಂಟರ್‌ನೆಟ್ ಮೂಲಕ ನಡೆಸಿ, ಕೊನೆಗೆ ವಿಶ್ವವಿದ್ಯಾಲಯದ ಕ್ರೆಡಿಟ್, ಪ್ರಮಾಣಪತ್ರ ಅಥವಾ ಪದವಿ ಕೊಡುವ ವ್ಯವಸ್ಥೆಗೆ ಆನ್‌ಲೈನ್ ಕೋರ್ಸು ಎಂದು ಹೆಸರು. ಭಾರತದ ವಿದ್ಯಾರ್ಥಿಗೆ ಇದು ಹಲವು ವೇಷದಲ್ಲಿ ಎದುರಾಗುತ್ತದೆ. ಸ್ವಯಂ, ಎನ್‌ಪಿಟಿಇಎಲ್ ವೇದಿಕೆಗಳಲ್ಲಿ ಸಿಗುವ ಬಿಡಿ ಕೋರ್ಸುಗಳಿವೆ. ಯುಜಿಸಿ ಅನುಮತಿ ಪಡೆದು ವಿಶ್ವವಿದ್ಯಾಲಯಗಳು ನಡೆಸುವ ಪೂರ್ಣ ಪದವಿಗಳಿವೆ. ಕೋರ್ಸೆರಾ, ಎಡ್‌ಎಕ್ಸ್‌ಗಳಂಥ ವೇದಿಕೆಗಳ ಮೂಲಕ ಬರುವ ವಿದೇಶಿ ವಿಶ್ವವಿದ್ಯಾಲಯಗಳ ಪಾಠಗಳೂ ಇವೆ. ಕಾಲೇಜಿಗೆ ಹೋಗುತ್ತಲೇ ಒಂದೆರಡು ವಿಷಯವನ್ನು ಮಾತ್ರ ಹೀಗೆ ಓದುವವರ ಸಂಖ್ಯೆಯೂ ದೊಡ್ಡದು.

ಇಂಥ ಕೋರ್ಸಿನಲ್ಲಿ ಕಲಿಕೆ ಆಗುತ್ತದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಒಂದೇ ಮಾತಿನ ಉತ್ತರ ಇಲ್ಲ. ಎಷ್ಟೋ ಕೋರ್ಸುಗಳಲ್ಲಿ ಹೆಸರಾಂತ ಪ್ರಾಧ್ಯಾಪಕರಿರುತ್ತಾರೆ, ಚೆಂದದ ವಿಡಿಯೊ ಇರುತ್ತದೆ. ಆದರೂ ಎರಡನೇ ವಾರಕ್ಕೆ ಅರ್ಧ ಜನ ಕಾಣೆಯಾಗಿರುತ್ತಾರೆ. ಇನ್ನು ಕೆಲವು ಕೋರ್ಸುಗಳಲ್ಲಿ ಮಾಮೂಲಿ ಸ್ಲೈಡುಗಳು, ಸಾಧಾರಣ ರೆಕಾರ್ಡಿಂಗು. ಆದರೆ ಅಲ್ಲಿ ಓದಿದವರು ವಿಷಯದ ಮೇಲೆ ಹಿಡಿತ ಸಾಧಿಸಿಕೊಂಡು ಹೊರಬರುತ್ತಾರೆ. ಕಳೆದ ಹದಿನೈದು ವರ್ಷಗಳ ಸಂಶೋಧನೆ ಮತ್ತು ಅನುಭವ ಈ ವ್ಯತ್ಯಾಸದ ಬೇರನ್ನು ಬಹುಮಟ್ಟಿಗೆ ಗುರುತಿಸಿವೆ: ಪಾಠ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಪಾಠ ಮುಗಿದ ಮೇಲೆ ವಿದ್ಯಾರ್ಥಿಯ ಕೈಯಲ್ಲಿ ಏನು ಮಾಡಿಸುತ್ತಾರೆ, ಮಾಡಿದ್ದನ್ನು ಯಾರು ನೋಡುತ್ತಾರೆ ಎಂಬುದರ ಮೇಲೆ ಕಲಿಕೆ ಹೆಚ್ಚು ನಿಂತಿದೆ.

ಅಂಚೆಯಿಂದ ಇಂಟರ್‌ನೆಟ್‌ಗೆ

ದೂರದಿಂದ ಕಲಿಸುವ ಹಂಬಲ ಹಳೆಯದು. 1840ರ ದಶಕದಲ್ಲೇ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಿದ್ದ. ವಿದ್ಯಾರ್ಥಿಗಳು ಬರೆದು ಕಳಿಸಿದ್ದನ್ನು ತಿದ್ದಿ ವಾಪಸು ಕಳಿಸುತ್ತಿದ್ದುದೇ ಅವನ ಪದ್ಧತಿಯ ಜೀವಾಳ. ಲಂಡನ್ ವಿಶ್ವವಿದ್ಯಾಲಯ 1858ರಲ್ಲಿ ಹೊರಗಿನವರಿಗೂ ಪದವಿ ಪರೀಕ್ಷೆ ತೆರೆಯಿತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ ಬಂದದ್ದು 1969ರಲ್ಲಿ. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಬ್ಯಾಂಕಿನ ಗುಮಾಸ್ತರು, ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು, ಮದುವೆಯಾಗಿ ಓದು ನಿಂತ ಹೆಣ್ಣುಮಕ್ಕಳು ಹೀಗೆ ಒಂದು ದೊಡ್ಡ ಸಮೂಹ ಪದವಿ ಕಂಡದ್ದು ಈ ದಾರಿಯಲ್ಲಿ. ಪಾಠದ ಪುಸ್ತಕಗಳ ಕಟ್ಟು, ರಜೆಯಲ್ಲಿ ನಡೆಯುವ ಸಂಪರ್ಕ ತರಗತಿ, ವರ್ಷದ ಕೊನೆಗೊಂದು ಪರೀಕ್ಷೆ ಎಂಬುದು ಅದರ ಚೌಕಟ್ಟು.

ಜಗತ್ತಿನ ದೂರಶಿಕ್ಷಣಕ್ಕೆ ಅಳತೆಗೋಲು ಹಾಕಿಕೊಟ್ಟದ್ದು ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. 1969ರಲ್ಲಿ ಸನದು ಪಡೆದು 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಇದು ಬಿಬಿಸಿಯಲ್ಲಿ ಪಾಠ ಬಿತ್ತರಿಸಿ ಹೆಸರಾಯಿತು. ಜನ ನೆನಪಿಟ್ಟುಕೊಂಡದ್ದು ಟಿವಿಯನ್ನು. ಆದರೆ ಸಂಸ್ಥೆಯನ್ನು ನಿಲ್ಲಿಸಿದ್ದು ಟಿವಿಯಲ್ಲ, ಟ್ಯೂಟರುಗಳು. ಪ್ರತಿ ವಿದ್ಯಾರ್ಥಿಗೂ ಒಬ್ಬ ಟ್ಯೂಟರ್, ನಿಗದಿತ ಅವಧಿಗೊಮ್ಮೆ ಬರೆದು ಕಳಿಸಬೇಕಾದ ಅಸೈನ್‌ಮೆಂಟು, ಅದರ ಅಂಚಿನಲ್ಲಿ ಟ್ಯೂಟರ್ ಬರೆಯುವ ಟಿಪ್ಪಣಿ. ಅಂಕದ ಜೊತೆಗೆ ಎಲ್ಲಿ ಎಡವಿದ್ದೀರಿ, ಮುಂದಿನ ಬಾರಿ ಏನು ಮಾಡಿ ಎಂಬ ಮಾತು ಬರುತ್ತಿತ್ತು. ಆಮೇಲೆ ಬಂದ ಎಷ್ಟೋ ತಂತ್ರಜ್ಞಾನಗಳು ಟಿವಿಯ ಭಾಗವನ್ನು ನಕಲು ಮಾಡಿದವು, ಅಂಚಿನ ಟಿಪ್ಪಣಿಯನ್ನು ಮರೆತವು.

ನಮ್ಮಲ್ಲಿ ಇಸ್ರೊ 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಆರಂಭಿಕ ಪ್ರಯೋಗದಲ್ಲಿ ಪಾಲ್ಗೊಂಡ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ (ವಿಟಿಯು) ಒಂದು. ಅದಕ್ಕೂ ಮುಂಚೆ 2003ರಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದ್ದವು. ಕಪ್ಪುಹಲಗೆಯ ಮುಂದೆ ಪ್ರಾಧ್ಯಾಪಕರು ಗಂಟೆಗಟ್ಟಲೆ ಮಾಡಿದ ಪಾಠಗಳು ಮೊದಲ ಹಂತದ ವಿಡಿಯೊಗಳು. ಹೊಳಪು ಕಡಿಮೆ, ಹೂರಣ ಗಟ್ಟಿ. ಜಿಲ್ಲಾ ಕೇಂದ್ರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪರೀಕ್ಷೆಯ ಹಿಂದಿನ ವಾರ ಇವುಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡಿದ ಒಂದು ತಲೆಮಾರೇ ಇದೆ.

ಲಕ್ಷ ಜನ ಸೇರಿ, ಸಾವಿರ ಜನ ಉಳಿದ ಕತೆ

2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಜಗತ್ತಿಗೆಲ್ಲ ಬಿಟ್ಟಿಯಾಗಿ ತೆರೆದಾಗ ಸುಮಾರು 1,60,000 ಜನ ಹೆಸರು ನೋಂದಾಯಿಸಿದರು. ಮರುವರ್ಷವೇ ಆಂಡ್ರ್ಯೂ ಎಂಗ್ ಮತ್ತು ಡಾಫ್ನಿ ಕೋಲರ್ ಕೋರ್ಸೆರಾ ಹುಟ್ಟುಹಾಕಿದರು. ಹಾರ್ವರ್ಡ್ ಮತ್ತು ಎಂಐಟಿ ಸೇರಿ ಎಡ್‌ಎಕ್ಸ್ ಕಟ್ಟಿದವು. ಎಡ್‌ಎಕ್ಸ್‌ನ ಮೊದಲ ಮುಖ್ಯಸ್ಥ ಅನಂತ್ ಅಗರ್‌ವಾಲ್ ಬೆಳೆದದ್ದು ಮಂಗಳೂರಿನಲ್ಲಿ, ಓದಿದ್ದು ಐಐಟಿ ಮದ್ರಾಸಿನಲ್ಲಿ. ಅವರೇ ಕಲಿಸಿದ ವಿದ್ಯುನ್ಮಂಡಲಗಳ ಕೋರ್ಸು ಎಂಐಟಿಯ ಮೊದಲ ಪ್ರಯೋಗ. ಸುಮಾರು 1,55,000 ಜನ ಸೇರಿದರು, ಪಾಸಾದವರು 7,157.

ಈ ಎರಡು ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು, ಎರಡೂ ನಿಜ. ಒಬ್ಬ ಪ್ರಾಧ್ಯಾಪಕ ಜೀವಮಾನವಿಡೀ ತರಗತಿಯಲ್ಲಿ ಪಾಠ ಮಾಡಿದರೂ ಏಳು ಸಾವಿರ ಜನರಿಗೆ ಆ ಕಠಿಣ ವಿಷಯ ದಾಟಿಸುವುದು ಕಷ್ಟ. ಅದೇ ಹೊತ್ತಿಗೆ, ನೂರರಲ್ಲಿ ತೊಂಬತ್ತೈದು ಜನ ಬಿಟ್ಟುಹೋದ ತರಗತಿಯನ್ನು ಯಾವ ಪ್ರಾಂಶುಪಾಲರೂ ಯಶಸ್ಸು ಎಂದು ಕರೆಯಲಾರರು. ಹಾರ್ವರ್ಡ್ ಮತ್ತು ಎಂಐಟಿಯ ಆರು ವರ್ಷಗಳ ಮಾಹಿತಿಯನ್ನು ಜಾಲಾಡಿ ಜಸ್ಟಿನ್ ರೈಕ್ ಮತ್ತು ಜೋಸ್ ರುಯಿಪೆರೆಸ್-ವಾಲಿಯೆಂತೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಉತ್ಸಾಹಕ್ಕೆ ತಣ್ಣೀರು ಎರಚಿತು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠದ ಪುಟವನ್ನೇ ತೆರೆದಿರಲಿಲ್ಲ. 2017-18ರಲ್ಲಿ ಕೋರ್ಸು ಮುಗಿಸಿದವರು ಶೇ 3ರ ಆಸುಪಾಸು.

ಪುಸ್ತಕದಂಗಡಿಗೆ ಬಂದು ನಾಲ್ಕು ಪುಟ ತಿರುವಿ ಹೋದವರನ್ನೆಲ್ಲ ಓದುಗರ ಲೆಕ್ಕಕ್ಕೆ ಸೇರಿಸಿದರೆ ಹೀಗೇ ಆಗುತ್ತದೆ ಎಂದು ಈ ಕೋರ್ಸುಗಳ ಪರವಾದವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಪ್ರಮಾಣಪತ್ರಕ್ಕೆಂದು ದುಡ್ಡು ಕಟ್ಟಿ, ಗುರುತು ದೃಢೀಕರಿಸಿಕೊಂಡವರಲ್ಲಿ ಅದೇ ವರ್ಷ ಕೋರ್ಸು ಮುಗಿಸಿದವರು ಶೇ 46ರಷ್ಟಿದ್ದರು. ದುಡ್ಡಿಗೇ ಕಲಿಸುವ ಶಕ್ತಿ ಇದೆಯೆಂದು ಇದರರ್ಥ ಅಲ್ಲ. ಗಟ್ಟಿ ಮನಸ್ಸು ಮಾಡಿದವರೇ ದುಡ್ಡು ಕಟ್ಟಿರುತ್ತಾರೆ. ಹಾಗಿದ್ದರೂ ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದಾಗ ಜನ ಉಳಿಯುತ್ತಾರೆ ಎಂಬುದು ಮಾತ್ರ ಪದೇ ಪದೇ ಕಂಡುಬಂದಿದೆ. ಎನ್‌ಪಿಟಿಇಎಲ್‌ನಲ್ಲಿ ಪಾಠ ಬಿಟ್ಟಿ, ಪರೀಕ್ಷೆಗೆ ಮಾತ್ರ ಶುಲ್ಕ. ಪರೀಕ್ಷೆಗೆ ಕಟ್ಟಿದವನು ಕೊನೆಯ ವಾರಗಳಲ್ಲಿ ಬೇರೆಯೇ ವಿದ್ಯಾರ್ಥಿಯಾಗಿರುತ್ತಾನೆ.

ವಿಡಿಯೊ ಎಷ್ಟು ಮುಖ್ಯ?

ಆನ್‌ಲೈನ್ ಕೋರ್ಸು ಎಂದಾಕ್ಷಣ ಕಣ್ಮುಂದೆ ಬರುವುದು ವಿಡಿಯೊ. ಸಂಸ್ಥೆಗಳ ಖರ್ಚಿನ ದೊಡ್ಡ ಪಾಲೂ ಸ್ಟುಡಿಯೊ, ಕ್ಯಾಮೆರಾ, ಎಡಿಟಿಂಗ್‌ಗೆ ಹೋಗುತ್ತದೆ. ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದ ಇರಲಿ, ಸಾಮಾನ್ಯ ವಿದ್ಯಾರ್ಥಿ ಅದಕ್ಕೆ ಕೊಡುತ್ತಿದ್ದ ಸಮಯ ಹೆಚ್ಚೆಂದರೆ ಆರು ನಿಮಿಷ. ತರಗತಿಯಲ್ಲಿ ಮಾಡಿದ ಗಂಟೆಯ ಪಾಠವನ್ನು ಕತ್ತರಿಸಿ ಹಾಕಿದ್ದಕ್ಕಿಂತ, ಚಿಕ್ಕದಾಗಿಯೇ ಯೋಚಿಸಿ ಮಾಡಿದ ವಿಡಿಯೊಗಳನ್ನು ಜನ ಹೆಚ್ಚು ಹೊತ್ತು ನೋಡಿದರು. ದುಬಾರಿ ಸ್ಟುಡಿಯೊಗಿಂತ ಮೇಷ್ಟ್ರು ತಮ್ಮ ಮೇಜಿನ ಹಿಂದೆ ಕುಳಿತು ಮಾತಾಡಿದ್ದು ಚೆನ್ನಾಗಿ ನಡೆಯಿತು. ಸ್ಲೈಡು ತೋರಿಸುವುದಕ್ಕಿಂತ, ಟ್ಯಾಬ್ಲೆಟ್ ಮೇಲೆ ಕೈಯಿಂದ ಗೆರೆ ಎಳೆಯುತ್ತ, ಲೆಕ್ಕ ಬಿಡಿಸುತ್ತ ಹೋದದ್ದು ಹೆಚ್ಚು ಹಿಡಿಸಿತು. ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳಿದವರಿಗಿಂತ ಹುರುಪಿನಿಂದ ಸ್ವಲ್ಪ ಬೇಗ ಮಾತಾಡಿದವರೇ ಜನರನ್ನು ಹಿಡಿದಿಟ್ಟರು.

ಇದನ್ನು ಓದಿದ ಸಂಸ್ಥೆಗಳು ಎಲ್ಲ ಪಾಠವನ್ನೂ ಆರು ನಿಮಿಷದ ತುಂಡುಗಳಾಗಿ ಕತ್ತರಿಸಲು ಹೊರಟಿದ್ದು ಸ್ವಲ್ಪ ಅತಿಯಾಯಿತು. ಗುವೊ ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು; ಎಷ್ಟು ಕಲಿತರು ಎಂಬುದನ್ನಲ್ಲ. ಕಲಿಕೆಯ ದೃಷ್ಟಿಯಿಂದ ಹೆಚ್ಚು ಭರವಸೆಯ ಮಾತು ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞನ ದಶಕಗಳ ಪ್ರಯೋಗಗಳಿಂದ ಬಂದಿದೆ. ತೆರೆಯ ಮೇಲಿನ ಅಕ್ಷರಗಳನ್ನೇ ಮೇಷ್ಟ್ರು ಗಟ್ಟಿಯಾಗಿ ಓದಿದರೆ ಕಲಿಕೆ ಕುಗ್ಗುತ್ತದೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಹಿಗ್ಗುತ್ತದೆ. ಅಲಂಕಾರಕ್ಕೆ ಹಾಕಿದ ಸಂಗೀತ, ಸಂಬಂಧವಿಲ್ಲದ ತಮಾಷೆ ಚಿತ್ರ ಗಮನವನ್ನು ಕದಿಯುತ್ತವೆ. ನಮ್ಮ ಅನೇಕ ವಿಶ್ವವಿದ್ಯಾಲಯಗಳ ಪಾಠಗಳಲ್ಲಿ ಸ್ಲೈಡನ್ನು ಸಾಲುಸಾಲಾಗಿ ಓದುವುದೇ ಬೋಧನೆ ಎನಿಸಿಕೊಂಡಿರುವಾಗ ಈ ಮೊದಲ ಅಂಶವೊಂದನ್ನು ಪಾಲಿಸಿದರೂ ಬಹಳ ಸುಧಾರಣೆ ಆದೀತು.

ನೋಡಿದ್ದು ಮತ್ತು ಮಾಡಿದ್ದು

ವಿಡಿಯೊ ನೋಡಿ ಮುಗಿಸಿದಾಗ ಎಲ್ಲ ಅರ್ಥವಾಯಿತು ಎನಿಸುತ್ತದೆ. ಇದು ಆನ್‌ಲೈನ್ ಕಲಿಕೆಯ ದೊಡ್ಡ ಮೋಸ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಮಾಡಿದ ಪ್ರಯೋಗ ಇದನ್ನು ಬಯಲಿಗೆಳೆಯಿತು. ಒಂದು ಗುಂಪು ಕೊಟ್ಟ ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿಟ್ಟು ನೆನಪಿಗೆ ಬಂದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿಬಿತ್ತು. ನೆನಪಿಸಿಕೊಂಡು ಬರೆದವರು ಸಾಕಷ್ಟು ಮುಂದಿದ್ದರು. ಅಂದರೆ ಪರೀಕ್ಷೆ ಎಂಬುದು ಕಲಿತದ್ದನ್ನು ಅಳೆಯುವ ಸಾಧನ ಮಾತ್ರವಲ್ಲ, ಕಲಿಸುವ ಸಾಧನವೂ ಹೌದು. ಒಳ್ಳೆಯ ಆನ್‌ಲೈನ್ ಕೋರ್ಸುಗಳು ವಿಡಿಯೊದ ನಡುವೆಯೇ ನಿಲ್ಲಿಸಿ ಪ್ರಶ್ನೆ ಕೇಳುವುದು ಇದಕ್ಕೇ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನೆತ್ ಕೋಡಿಂಗರ್ ಮತ್ತು ತಂಡದವರು 2015ರಲ್ಲಿ ಮನೋವಿಜ್ಞಾನದ ಒಂದು ಆನ್‌ಲೈನ್ ಕೋರ್ಸಿನ ವಿದ್ಯಾರ್ಥಿಗಳನ್ನು ಗಮನಿಸಿದರು. ಯಾರು ಎಷ್ಟು ವಿಡಿಯೊ ನೋಡಿದರು, ಎಷ್ಟು ಪುಟ ಓದಿದರು, ಎಷ್ಟು ಅಭ್ಯಾಸಗಳನ್ನು ಮಾಡಿದರು ಎಂದು ಲೆಕ್ಕ ಹಾಕಿ ಫಲಿತಾಂಶದ ಜೊತೆ ಹೋಲಿಸಿದರು. ನೋಡುವುದು, ಓದುವುದಕ್ಕಿಂತ ಮಾಡುವುದರ ಪರಿಣಾಮ ಸುಮಾರು ಆರು ಪಟ್ಟು ಹೆಚ್ಚಿತ್ತು.

‘ಮಾಡುವುದು’ ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಎನ್‌ಪಿಟಿಇಎಲ್‌ನ ಪೈಥಾನ್, ಜಾವಾ ಮುಂತಾದ ಕೋರ್ಸುಗಳಲ್ಲಿ ವಿದ್ಯಾರ್ಥಿ ಬರೆದ ಪ್ರೋಗ್ರಾಮನ್ನು ಯಂತ್ರವೇ ಪರೀಕ್ಷಿಸುತ್ತದೆ. ಕೆಲವು ಪರೀಕ್ಷಾ ಅಂಕಿಗಳು ಕಣ್ಣಿಗೆ ಕಾಣುತ್ತವೆ, ಕೆಲವನ್ನು ಬಚ್ಚಿಟ್ಟಿರುತ್ತಾರೆ. ಉದಾಹರಣೆಗೆ, ಕೊಟ್ಟ ಸಂಖ್ಯೆಗಳಲ್ಲಿ ಎರಡನೆಯ ಅತಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮ್ ಬರೆಯಬೇಕು ಎಂದುಕೊಳ್ಳೋಣ. ಹುಡುಗಿಯೊಬ್ಬಳು ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೊನೆಯಿಂದ ಎರಡನೆಯದನ್ನು ಎತ್ತಿಕೊಡುವಂತೆ ಬರೆಯುತ್ತಾಳೆ. 4, 9, 7 ಕೊಟ್ಟಾಗ ಉತ್ತರ 7. ಹಸಿರು ಗುರುತು ಬೀಳುತ್ತದೆ. ಸಲ್ಲಿಸಿದ ಮೇಲೆ ಬಚ್ಚಿಟ್ಟ ಪರೀಕ್ಷೆಯಲ್ಲಿ ಫೇಲು. ಏಕೆ? ಅಲ್ಲಿ 9, 9, 7 ಎಂದು ಕೊಟ್ಟಿದ್ದಾರೆ. ಅವಳ ಪ್ರೋಗ್ರಾಮ್ 9 ಎನ್ನುತ್ತದೆ, ಬೇಕಿದ್ದದ್ದು 7. ಈ ಅಂಕಿಗಳು ಅವಳಿಗೆ ಕಾಣುವುದಿಲ್ಲ. ಎಲ್ಲೋ ಏನೋ ತಪ್ಪಿದೆ ಎಂದಷ್ಟೇ ಗೊತ್ತು. ಒಂದೇ ಸಂಖ್ಯೆ ಎರಡು ಸಲ ಬಂದರೆ ಏನಾಗುತ್ತದೆ ಎಂದು ತಾನಾಗಿ ಯೋಚಿಸುವವರೆಗೂ ಅವಳು ಅಲ್ಲೇ ಕೂರಬೇಕು. ಆ ಅರ್ಧ ಗಂಟೆಯಲ್ಲಿ ಅವಳು ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು.

ಎಲ್ಲ ವಿಷಯಕ್ಕೂ ಹೀಗೆ ಯಂತ್ರದ ಪರೀಕ್ಷಕ ಸಿಗುವುದಿಲ್ಲ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರದ ಕೋರ್ಸುಗಳು ಬಹುಆಯ್ಕೆ ಪ್ರಶ್ನೆಗಳಿಗೆ ಜೋತುಬಿದ್ದಾಗ ಕೋರ್ಸು ತೆಳ್ಳಗಾಗುತ್ತದೆ. ರಾಷ್ಟ್ರಕೂಟರ ರಾಜಧಾನಿ ಯಾವುದು ಎಂದು ನಾಲ್ಕು ಆಯ್ಕೆ ಕೊಟ್ಟು ಕೇಳಿದರೆ ಇತಿಹಾಸ ಕಲಿಸಿದಂತೆ ಆಗುವುದಿಲ್ಲ. ಪ್ರಬಂಧ ಬರೆಸಿ, ಓದಿ, ತಿದ್ದುವವರು ಬೇಕು. ಕೋರ್ಸೆರಾದಂಥ ವೇದಿಕೆಗಳು ಸಹಪಾಠಿಗಳಿಂದಲೇ ಪರಸ್ಪರ ಮೌಲ್ಯಮಾಪನ ಮಾಡಿಸುವ ದಾರಿ ಹಿಡಿದವು. ಅಳತೆಗೋಲನ್ನು ಖಚಿತವಾಗಿ ಬರೆದು ಕೊಟ್ಟಾಗ ಅದು ಪರವಾಗಿಲ್ಲ ಎನ್ನುವಷ್ಟು ನಡೆಯುತ್ತದೆ. ಇಲ್ಲದಿದ್ದರೆ ‘ಚೆನ್ನಾಗಿದೆ’ ಎಂಬ ಒಂದು ಪದದ ಟಿಪ್ಪಣಿಗಳ ವಿನಿಮಯವಾಗುತ್ತದೆ.

ವಾರಕ್ಕೊಂದು ಗಡುವು

ನಿಮ್ಮ ಬಿಡುವು ನೋಡಿಕೊಂಡು, ನಿಮ್ಮದೇ ವೇಗದಲ್ಲಿ ಕಲಿಯಿರಿ ಎಂಬುದು ಆನ್‌ಲೈನ್ ಕೋರ್ಸುಗಳ ಜಾಹೀರಾತಿನ ಮೊದಲ ಸಾಲು. ಬಿಡುವು ಎಂಬುದು ತಾನಾಗಿ ಸಿಗುವ ವಸ್ತುವಲ್ಲ ಎಂಬುದು ಹಾಗೆ ಸೇರಿದವರಿಗೆಲ್ಲ ಗೊತ್ತು. ಎನ್‌ಪಿಟಿಇಎಲ್ 2014ರಲ್ಲಿ ಪ್ರಮಾಣಪತ್ರದ ಕೋರ್ಸುಗಳನ್ನು ಆರಂಭಿಸಿದಾಗ ಬದಲಾದದ್ದು ಮುಖ್ಯವಾಗಿ ಇದು. ವಿಡಿಯೊಗಳು ಹತ್ತು ವರ್ಷಗಳಿಂದ ಇದ್ದವು. ಈಗ ಅವುಗಳಿಗೆ ಕ್ಯಾಲೆಂಡರ್ ಬಂತು. ಕೋರ್ಸು 4, 8 ಅಥವಾ 12 ವಾರದ್ದು. ವಾರವಾರ ಪಾಠ ಬಿಡುಗಡೆಯಾಗುತ್ತದೆ, ಅದರ ಜೊತೆಗೊಂದು ಅಸೈನ್‌ಮೆಂಟು, ಅದಕ್ಕೊಂದು ಗಡುವು. ಗಡುವಿನ ದಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ ಬಾಗಿಲು ಹಾಕಿತೆಂದರೆ ಹಾಕಿತು. ಆದರೆ ಒಂದು ಸಡಿಲಿಕೆಯನ್ನೂ ಜಾಣತನದಿಂದ ಇಟ್ಟಿದ್ದಾರೆ: 12 ವಾರದ ಕೋರ್ಸಿನಲ್ಲಿ ಅತಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟುಗಳನ್ನಷ್ಟೇ ಎಣಿಸುತ್ತಾರೆ. ಜ್ವರ ಬಂದ ವಾರ, ಊರಲ್ಲಿ ಜಾತ್ರೆ ನಡೆದ ವಾರ, ಕಾಲೇಜಿನ ಇಂಟರ್ನಲ್ಸ್ ಇದ್ದ ವಾರ ತಪ್ಪಿದರೂ ದೋಣಿ ಮುಳುಗುವುದಿಲ್ಲ.

ಗಡುವಿನ ಬದಲು ಬರೀ ನೆನಪೋಲೆ ಕಳಿಸಿದರೆ ಸಾಕಾಗುತ್ತದೆಯೇ? ರೆನೆ ಕಿಜಿಲ್ಚೆಕ್ ಮತ್ತು ಸಂಗಡಿಗರು ಹಾರ್ವರ್ಡ್, ಎಂಐಟಿ, ಸ್ಟ್ಯಾನ್‌ಫರ್ಡ್‌ಗಳ ಸುಮಾರು 250 ಕೋರ್ಸುಗಳಲ್ಲಿ ಎರಡೂವರೆ ಲಕ್ಷ ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವಾಗ, ಎಲ್ಲಿ ಕುಳಿತು ಓದುತ್ತೀರಿ ಎಂದು ಮೊದಲೇ ಯೋಜನೆ ಬರೆಸಿದರೆ ಆರಂಭದ ವಾರಗಳಲ್ಲಿ ಹುರುಪು ಹೆಚ್ಚಿತು, ಕೊನೆಯ ಹೊತ್ತಿಗೆ ಆ ಲಾಭ ಕರಗಿಹೋಯಿತು. ಸಣ್ಣ ಪ್ರಯೋಗಗಳಲ್ಲಿ ಭರವಸೆ ಹುಟ್ಟಿಸಿದ್ದ ಇಂಥ ಉಪಾಯಗಳು ದೊಡ್ಡ ಪ್ರಮಾಣದಲ್ಲಿ ಸಪ್ಪೆಯಾದವು. ಸಂಶೋಧಕರು ಇದನ್ನು ಮುಚ್ಚಿಡದೆ ಬರೆದದ್ದು ದೊಡ್ಡತನ.

ಆಚೆ ಬದಿಯಲ್ಲಿ ಯಾರಿದ್ದಾರೆ

ಕೆನಡಾದ ರ‍್ಯಾಂಡಿ ಗ್ಯಾರಿಸನ್, ಟೆರಿ ಆಂಡರ್ಸನ್ ಮತ್ತು ವಾಲ್ಟರ್ ಆರ್ಚರ್ 2000ದಲ್ಲಿ ಮುಂದಿಟ್ಟ ಚೌಕಟ್ಟು ಈ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ. ವಿಷಯದೊಡನೆ ಸೆಣಸುವುದು, ಜೊತೆಗಾರರು ಇದ್ದಾರೆಂಬ ಭಾವ, ಕಲಿಸುವವರು ಇದ್ದಾರೆಂಬ ಭಾವ ಇವು ಕೂಡಿದಾಗಲೇ ಆನ್‌ಲೈನ್ ತರಗತಿ ತರಗತಿಯಾಗುತ್ತದೆ ಎಂಬುದು ಅವರ ವಾದ. ಕೊನೆಯದನ್ನು ಸಂಸ್ಥೆಗಳು ಅಗ್ಗವಾಗಿ ಕಾಣುತ್ತವೆ. ಪ್ರಾಧ್ಯಾಪಕರ ಮುಖ ವಿಡಿಯೊದಲ್ಲಿ ಇದ್ದರೆ ಸಾಕು ಎಂದುಕೊಳ್ಳುತ್ತವೆ. ವಿದ್ಯಾರ್ಥಿಗೆ ಬೇಕಾದದ್ದು ಮುಖವಲ್ಲ, ಕೇಳಿದ್ದಕ್ಕೆ ಉತ್ತರ.

ಅಮೆರಿಕದ ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಆರಂಭಿಸಿದ ಕಂಪ್ಯೂಟರ್ ವಿಜ್ಞಾನದ ಆನ್‌ಲೈನ್ ಸ್ನಾತಕೋತ್ತರ ಪದವಿ ಇದನ್ನು ಅರಿತು ನಡೆದ ಉದಾಹರಣೆ. ಪೂರ್ತಿ ಪದವಿಯ ಬೋಧನಾ ಶುಲ್ಕ 7,000 ಡಾಲರಿಗಿಂತ ಕಡಿಮೆ. ಕ್ಯಾಂಪಸ್ಸಿನ ಪದವಿಗಿಂತ ಎಷ್ಟೋ ಅಗ್ಗ. ಕೆಲಸದಲ್ಲಿದ್ದುಕೊಂಡೇ ಓದುವವರು ಮುಗಿಬಿದ್ದರು, ಅವರಲ್ಲಿ ಭಾರತೀಯ ಮೂಲದವರೂ ಬಹಳ. ವಿಡಿಯೊ ಒಮ್ಮೆ ಮಾಡಿದರೆ ಮುಗಿಯಿತು. ಪ್ರತಿ ಸೆಮಿಸ್ಟರಿನಲ್ಲೂ ಖರ್ಚಾಗುವುದು ಪ್ರಾಜೆಕ್ಟು ತಿದ್ದುವ, ಅನುಮಾನ ಪರಿಹರಿಸುವ ಬೋಧನಾ ಸಹಾಯಕರ ಪಡೆಗೆ. ಅಲ್ಲಿನ ಅಶೋಕ್ ಗೋಯೆಲ್ ಅವರ ಒಂದೇ ಕೋರ್ಸಿನ ಚರ್ಚಾ ವೇದಿಕೆಗೆ ಸೆಮಿಸ್ಟರಿಗೆ ಸುಮಾರು 10 ಸಾವಿರ ಸಂದೇಶ ಬರುತ್ತಿದ್ದವು. 2016ರಲ್ಲಿ ಅವರು ಐಬಿಎಂನ ವಾಟ್ಸನ್ ತಂತ್ರಜ್ಞಾನ ಬಳಸಿ ಜಿಲ್ ವಾಟ್ಸನ್ ಎಂಬ ಯಂತ್ರ ಸಹಾಯಕಿಯನ್ನು ಸಿದ್ಧಪಡಿಸಿದರು. ಗಡುವು ಯಾವಾಗ, ಯಾವ ಫೈಲು ಸಲ್ಲಿಸಬೇಕು ಎಂಬಂಥ ಮಾಮೂಲಿ ಪ್ರಶ್ನೆಗಳಿಗೆ ಅವಳು ಉತ್ತರಿಸುತ್ತಿದ್ದಳು. ಸೆಮಿಸ್ಟರ್ ಮುಗಿಯುವವರೆಗೂ ವಿದ್ಯಾರ್ಥಿಗಳಿಗೆ ಗುಟ್ಟು ಹೇಳಿರಲಿಲ್ಲ. ಉದ್ದೇಶ ಮನುಷ್ಯರನ್ನು ತೆಗೆದುಹಾಕುವುದಲ್ಲ. ಗಟ್ಟಿ ಪ್ರಶ್ನೆಗಳಿಗೆ ಅವರ ಸಮಯ ಉಳಿಸುವುದು.

ನಮ್ಮ ಎನ್‌ಪಿಟಿಇಎಲ್ ಚರ್ಚಾ ವೇದಿಕೆಗಳನ್ನು ಒಮ್ಮೆ ಇಣುಕಿದರೆ ಅಂಥ ನೆರವಿನ ಅಗತ್ಯ ತಿಳಿಯುತ್ತದೆ. ಗಡುವು ಮುಂದಕ್ಕೆ ಹಾಕಿ ಸರ್, ಮೂರನೇ ಪ್ರಶ್ನೆಯ ಉತ್ತರ ತಪ್ಪಿದೆ ಸರ್ ಎಂಬ ಮೊರೆಗಳ ರಾಶಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಹೂತುಹೋಗಿರುತ್ತದೆ. ಈ ಕೊರತೆ ತುಂಬಲು ವಾರಕ್ಕೊಮ್ಮೆ ನೇರಪ್ರಸಾರದ ಸಮಸ್ಯಾ ಪರಿಹಾರ ತರಗತಿಗಳು ಬಂದಿವೆ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಪಡೆದ ಪಿಎಚ್‌ಡಿ ವಿದ್ಯಾರ್ಥಿಗಳೂ ಇವುಗಳನ್ನು ನಡೆಸುತ್ತಾರೆ. ಕಾಲೇಜುಗಳಲ್ಲಿ ಸ್ಥಳೀಯ ಘಟಕ ತೆರೆದು, ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಿಯಾಗಿ ಇಡುವ ಪದ್ಧತಿಯೂ ಇದೆ. ವಾರವಾರ ಯಾರು ಅಸೈನ್‌ಮೆಂಟು ಸಲ್ಲಿಸಿಲ್ಲ ಎಂದು ನೋಡಿ, ಕಾರಿಡಾರಿನಲ್ಲಿ ನಿಲ್ಲಿಸಿ ‘ಯಾಕಪ್ಪಾ, ಈ ವಾರದ್ದು ಹಾಕಿಲ್ವಂತೆ?’ ಎಂದು ಕೇಳುವ ಮೇಷ್ಟ್ರು ಇದ್ದರೆ ಅದು ಯಾವ ಮಿಂಚಂಚೆಗಿಂತಲೂ ಹೆಚ್ಚು ನಾಟುತ್ತದೆ.

ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ

2013ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ, ಥ್ರುನ್ ಸ್ಥಾಪಿಸಿದ ಯುಡಾಸಿಟಿ ಜೊತೆ ಸೇರಿ ಗಣಿತ, ಸಂಖ್ಯಾಶಾಸ್ತ್ರದ ಮೂರು ಕೋರ್ಸುಗಳನ್ನು ಆನ್‌ಲೈನಿನಲ್ಲಿ ನಡೆಸಿತು. ಸೇರಿದವರಲ್ಲಿ ಹಿಂದೆ ಗಣಿತದಲ್ಲಿ ಫೇಲಾದವರು, ಬಡ ಬಡಾವಣೆಗಳ ಹೈಸ್ಕೂಲು ಮಕ್ಕಳೂ ಇದ್ದರು. ಪೂರ್ವಸಿದ್ಧತಾ ಗಣಿತದಲ್ಲಿ ಪಾಸಾದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಜುಲೈ ಹೊತ್ತಿಗೆ ಪ್ರಯೋಗಕ್ಕೆ ತಡೆ ಬಿತ್ತು. ಬೇಸಿಗೆಯ ಬ್ಯಾಚಿನಲ್ಲಿ ಫಲಿತಾಂಶ ಏರಿತಾದರೂ, ಆ ಬ್ಯಾಚಿನಲ್ಲಿ ಆಗಲೇ ಪದವಿ ಮುಗಿಸಿದ್ದವರೇ ಅರ್ಧಕ್ಕಿಂತ ಹೆಚ್ಚಿದ್ದರು.

ಡಿ ಷು ಮತ್ತು ಶನಾ ಜಾಗರ್ಸ್ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ತೆಗೆದು 2014ರಲ್ಲಿ ತೋರಿಸಿದ್ದೂ ಇದನ್ನೇ: ಓದಿನಲ್ಲಿ ಹಿಂದುಳಿದವರೇ ಹೆಚ್ಚು ಎಡವುತ್ತಾರೆ. ಆನ್‌ಲೈನಿಗೆ ಹೋದಾಗ ಬಹುತೇಕ ಎಲ್ಲರ ಅಂಕವೂ ಸ್ವಲ್ಪ ಇಳಿಯಿತು. ಗಂಡುಹುಡುಗರು, ಕಪ್ಪುವರ್ಣೀಯ ವಿದ್ಯಾರ್ಥಿಗಳು, ಮೊದಲೇ ಕಡಿಮೆ ಅಂಕ ಪಡೆಯುತ್ತಿದ್ದವರು ಇವರಲ್ಲಿ ಇಳಿತ ಹೆಚ್ಚು. ಆನ್‌ಲೈನ್ ಕೋರ್ಸು ವಿದ್ಯಾರ್ಥಿಯಿಂದ ಎರಡು ಕಲಿಕೆಯನ್ನು ಒಟ್ಟಿಗೆ ಕೇಳುತ್ತದೆ: ವಿಷಯ ಕಲಿಯಬೇಕು, ತನ್ನನ್ನು ತಾನು ನಡೆಸಿಕೊಳ್ಳುವುದನ್ನೂ ಕಲಿಯಬೇಕು. ಎರಡನೆಯದು ಮೊದಲೇ ಗೊತ್ತಿದ್ದವರಿಗೆ ಇದು ವರ. ನಡುವಯಸ್ಸಿನ ಉದ್ಯೋಗಸ್ಥರು ಈ ದಾರಿಯಲ್ಲಿ ಗೆಲ್ಲುವುದು, ಪಿಯುಸಿ ಮುಗಿಸಿ ನೇರವಾಗಿ ಬಂದ ಹುಡುಗರು ಎಡವುವುದು ಇದರಿಂದಲೇ.

ಅಮೆರಿಕದ ಶಿಕ್ಷಣ ಇಲಾಖೆ 2010ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತರಗತಿ ಮತ್ತು ಆನ್‌ಲೈನ್ ಎರಡನ್ನೂ ಬೆರೆಸಿದ ಕೋರ್ಸುಗಳು ಬರೀ ತರಗತಿಗಿಂತ ಚೆನ್ನಾಗಿ ಕಲಿಸಿದ್ದು ಕಂಡಿತು. ವರದಿಯೇ ಒಂದು ಎಚ್ಚರಿಕೆಯನ್ನೂ ಹೇಳಿತ್ತು: ಬೆರಕೆ ಕೋರ್ಸುಗಳಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಸಮಯ, ಹೆಚ್ಚು ಸಾಮಗ್ರಿಯೂ ಸಿಕ್ಕಿತ್ತು. ಲಾಭ ಅದರದ್ದೂ ಇರಬಹುದು.

ಕೋವಿಡ್ ಕಾಲದ ಕರ್ನಾಟಕ ಇನ್ನೂ ಮೂಲಭೂತವಾದ ಕೊರತೆಯನ್ನು ತೋರಿಸಿತು. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ಚಿತ್ರ ದೇಶವಿಡೀ ಹರಿದಾಡಿತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಹೈಸ್ಕೂಲು ಹುಡುಗಿ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮಲೆನಾಡು, ಕರಾವಳಿಯ ಪದವಿ ವಿದ್ಯಾರ್ಥಿಗಳೂ ಗುಡ್ಡ ಹತ್ತಿದರು. ನೆಟ್‌ವರ್ಕ್ ಕಡಿಮೆ ಇರುವಲ್ಲಿ ನೇರಪ್ರಸಾರದ ತರಗತಿಗಿಂತ, ಪೇಟೆಗೆ ಹೋದಾಗ ಇಳಿಸಿಕೊಂಡು ಮನೆಯಲ್ಲಿ ನೋಡಬಹುದಾದ ವಿಡಿಯೊ, ಓದಬಹುದಾದ ಲಿಖಿತ ಪಾಠ ಹೆಚ್ಚು ಉಪಯುಕ್ತ. ಎನ್‌ಪಿಟಿಇಎಲ್ ಇವೆರಡನ್ನೂ ಕೊಡುತ್ತದೆ. 2017ರ ಜುಲೈನಲ್ಲಿ ಉದ್ಘಾಟನೆಯಾದ ಸ್ವಯಂ ವೇದಿಕೆಯೂ ವಿಡಿಯೊ, ಲಿಖಿತ ಪಾಠ, ಸ್ವಯಂ ಪರೀಕ್ಷೆ, ಚರ್ಚೆ ಎಂಬ ನಾಲ್ಕು ಭಾಗಗಳನ್ನು ಪ್ರತಿ ಕೋರ್ಸಿಗೂ ಕಡ್ಡಾಯ ಮಾಡಿದೆ. ಲಿಖಿತ ಪಾಠ ಎಂಬ ಎರಡನೇ ಭಾಗವನ್ನು ಕಾಟಾಚಾರಕ್ಕೆ ತುಂಬುವವರೂ ಇದ್ದಾರೆ.

ಪರೀಕ್ಷೆ ಮತ್ತು ಮಾನ್ಯತೆ

ಮನೆಯಲ್ಲಿ ಕುಳಿತು ಬರೆದ ಪರೀಕ್ಷೆಯನ್ನು ಉದ್ಯೋಗ ಕೊಡುವವರು ನಂಬುವುದಿಲ್ಲ. ಎನ್‌ಪಿಟಿಇಎಲ್ ಮೊದಲಿನಿಂದಲೂ ಅಂತಿಮ ಪರೀಕ್ಷೆಗೆ ಕೇಂದ್ರಕ್ಕೇ ಬನ್ನಿ ಎಂದಿತು. ಒಟ್ಟು ಅಂಕದಲ್ಲಿ ಅಸೈನ್‌ಮೆಂಟಿಗೆ ಶೇ 25, ಕೇಂದ್ರದ ಪರೀಕ್ಷೆಗೆ ಶೇ 75. ಪ್ರಮಾಣಪತ್ರ ಬೇಕಿದ್ದರೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಆದರೂ ಬರಬೇಕು. ಐಐಟಿ ಮದ್ರಾಸು 2020ರಲ್ಲಿ ಆರಂಭಿಸಿದ ಡೇಟಾ ವಿಜ್ಞಾನದ ಆನ್‌ಲೈನ್ ಪದವಿ ಇದೇ ತತ್ವವನ್ನು ಮುಂದುವರಿಸಿತು. ಪ್ರವೇಶಕ್ಕೆ ಜೆಇಇ ಬೇಡ. ನಾಲ್ಕು ವಾರದ ಪಾಠ ಓದಿ, ಅಸೈನ್‌ಮೆಂಟು ಮಾಡಿ, ಅದರ ಮೇಲೆಯೇ ಅರ್ಹತಾ ಪರೀಕ್ಷೆ ಬರೆಯಬೇಕು. ಈ ಕೋರ್ಸು ತನಗೆ ಆಗುತ್ತದೆಯೋ ಇಲ್ಲವೋ ಎಂಬುದು ವಿದ್ಯಾರ್ಥಿಗೆ ಪೂರ್ತಿ ದುಡ್ಡು ಕಟ್ಟುವ ಮುಂಚೆಯೇ ಗೊತ್ತಾಗುತ್ತದೆ. ನಡುವಿನಲ್ಲಿ ಓದು ನಿಲ್ಲಿಸಬೇಕಾಗಿ ಬಂದರೆ ಪ್ರಮಾಣಪತ್ರ ಅಥವಾ ಡಿಪ್ಲೊಮಾದೊಂದಿಗೆ ಹೊರಬರುವ ಬಾಗಿಲುಗಳೂ ಇವೆ.

ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಬಂದ ಮೇಲೆ ಕೇಂದ್ರದ ಪರೀಕ್ಷೆಯ ಬೆಲೆ ಇನ್ನೂ ಏರಿದೆ. ವಾರದ ಅಸೈನ್‌ಮೆಂಟನ್ನು ಯಂತ್ರಕ್ಕೆ ಒಪ್ಪಿಸಿ ಪೂರ್ತಿ ಅಂಕ ಪಡೆದವನು ಕೇಂದ್ರದಲ್ಲಿ ಬರಿಗೈಯಲ್ಲಿ ಕೂರುತ್ತಾನೆ.

ಮಾನ್ಯತೆಯ ಪ್ರಶ್ನೆಯನ್ನು ಕರ್ನಾಟಕದ ವಿದ್ಯಾರ್ಥಿಗಳು ನೋವಿನಿಂದ ಬಲ್ಲರು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ; ಅದು ಮರಳಿದ್ದು 2018ರಲ್ಲಿ. ನಡುವಿನ ಬ್ಯಾಚುಗಳವರು ಅಂಕಪಟ್ಟಿ ಹಿಡಿದು ಅಲೆದರು. ಯುಜಿಸಿಯ 2020ರ ನಿಯಮಗಳ ಪ್ರಕಾರ ಆನ್‌ಲೈನ್ ಪದವಿ ನಡೆಸಲು ವಿಶ್ವವಿದ್ಯಾಲಯಕ್ಕೆ ಗುಣಮಟ್ಟ ಅಳೆಯುವ ಸಂಸ್ಥೆಯಾದ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಅಥವಾ ರಾಷ್ಟ್ರೀಯ ರ‍್ಯಾಂಕಿಂಗಿನಲ್ಲಿ ಮೇಲಿನ ಸ್ಥಾನ ಬೇಕು. ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವಿಗಳನ್ನು ಈ ದಾರಿಯಲ್ಲಿ ಕೊಡುವಂತಿಲ್ಲ. ಸಾಮಾನ್ಯ ಕಾಲೇಜಿನಲ್ಲಿ ಓದುವವರು ತಮ್ಮ ಕ್ರೆಡಿಟ್‌ಗಳಲ್ಲಿ ಒಂದು ಪಾಲನ್ನು ಸ್ವಯಂನಿಂದ ಪಡೆಯಬಹುದು. ಮೊದಲು ಶೇ 20 ಇದ್ದ ಮಿತಿಯನ್ನು 2021ರಲ್ಲಿ ಶೇ 40ಕ್ಕೆ ಏರಿಸಲಾಯಿತು. ವಿಟಿಯು ತನ್ನ ಆನರ್ಸ್ ಪದವಿಗೆ ಬೇಕಾದ ಹೆಚ್ಚುವರಿ ಕ್ರೆಡಿಟ್‌ಗಳನ್ನು ಇಂಥ ಕೋರ್ಸುಗಳಿಂದಲೇ ಗಳಿಸುವ ಏರ್ಪಾಟು ಮಾಡಿದೆ.

ಭಾಷೆ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇವೆಲ್ಲಕ್ಕೂ ಮುಂಚೆ ಎದುರಾಗುವುದು ಭಾಷೆ. ಆನ್‌ಲೈನ್ ಪಾಠಕ್ಕೆ ಇಲ್ಲೊಂದು ಅನುಕೂಲವೂ ಇದೆ. ತರಗತಿಯಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದಿದ್ದರೆ ಕೈ ಎತ್ತಲು ಸಂಕೋಚ; ವಿಡಿಯೊವನ್ನು ಹಿಂದಕ್ಕೆ ಎಳೆದು ಮೂರು ಸಲ ಕೇಳಿದರೆ ಯಾರೂ ನಗುವುದಿಲ್ಲ. ಎನ್‌ಪಿಟಿಇಎಲ್ ತನ್ನ ಹಲವು ಕೋರ್ಸುಗಳ ಪಾಠವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಲಿಖಿತ ರೂಪದಲ್ಲಿ ಅನುವಾದಿಸಿದೆ. ಇಂಗ್ಲಿಷಿನಲ್ಲಿ ಕೇಳುತ್ತ ಕನ್ನಡದಲ್ಲಿ ಓದುವುದು ಮೊದಲ ಸೆಮಿಸ್ಟರಿನವರಿಗೆ ನಿಜವಾದ ಆಸರೆ. ಆದರೆ ಈ ಆಸರೆ ಪಾಠದವರೆಗೆ ಮಾತ್ರ ಬರುತ್ತದೆ. ವಾರದ ಅಸೈನ್‌ಮೆಂಟು, ಚರ್ಚಾ ವೇದಿಕೆ, ನೇರಪ್ರಸಾರದ ಪರಿಹಾರ ತರಗತಿ, ಅಂತಿಮ ಪ್ರಶ್ನೆಪತ್ರಿಕೆ ಇವು ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಅಂದರೆ ಕಲಿಕೆ ನಿಜವಾಗಿ ನಡೆಯುವ ಜಾಗಗಳಿಗೆ ಅನುವಾದ ಇನ್ನೂ ತಲುಪಿಲ್ಲ. ಮುಂದಿನ ಹಂತದಲ್ಲಿ ದುಡ್ಡು ಹಾಕುವುದಿದ್ದರೆ ಇನ್ನಷ್ಟು ವಿಡಿಯೊಗಳಿಗೆ ಉಪಶೀರ್ಷಿಕೆ ಸೇರಿಸುವುದಕ್ಕಿಂತ, ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡುವ ಬೋಧನಾ ಸಹಾಯಕರನ್ನು ನೇಮಿಸುವುದಕ್ಕೆ ಹಾಕಬೇಕು. ತುಮಕೂರು, ರಾಯಚೂರು, ಶಿವಮೊಗ್ಗಗಳ ಸ್ನಾತಕೋತ್ತರ ವಿಭಾಗಗಳಲ್ಲೇ ಅಂಥವರು ಸಿಗುತ್ತಾರೆ.